ಕೂರುವುದೂ ನೋ-ನೋ

ಮೂರು ದಿನದ ತರಬೇತಿಗೆ ಹೋದ ಸೂಪರ್‌ವೈಸರ್ ಕಲಿತು ಬಂದದ್ದು ಒಂದೇ ಮಾತು: ನೋ-ನೋ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ; ಇವನು ಹಾಡಹಗಲೇ ಹಿಡಿದ. ಹೋಟೆಲಿನ ಬಟ್ಟೆ ಒಗೆಯುವ ಆ ನೆಲಮಾಳಿಗೆಯಲ್ಲಿ ಮಾತಾಡುವುದು ನೋ-ನೋ, ಮೇಜಿನ ಮೇಲೆ ನೀರಿನ ಬಾಟಲಿ ನೋ-ನೋ, ಜೋರಾಗಿ ಕೆಮ್ಮುವುದು ನೋ-ನೋ. ಕೊನೆಗೆ ಕೂತು ಇಸ್ತ್ರಿ ಮಾಡುವುದೂ ನೋ-ನೋ ಆಯಿತು.

ಇದು ಅಲ್ಲಿ ಎಲ್ಲರೂ ಇಸ್ತ್ರಿ ಅಕ್ಕ ಎಂದು ಕರೆಯುವ ಹೆಂಗಸಿನ ಅನ್ನಕ್ಕೇ ಕಲ್ಲು ಹಾಕುವ ಕೆಲಸ. ಹತ್ತೊಂಬತ್ತು ವರ್ಷ ನಿಂತು ಸವೆದ ಮಂಡಿ ಅವಳದು. ಬೆಡ್‌ಶೀಟುಗಳಿಗೆ ನಿಲ್ಲಲೇಬೇಕು; ಆದರೆ ಅಂಗಿಯ ಕಾಲರು, ತೋಳಿನ ಪಟ್ಟಿಗಳನ್ನು ಎತ್ತರದ ಸ್ಟೂಲಿನ ಮೇಲೆ ಕೂತು ಮಾಡುವುದು ಅಲ್ಲಿ ಮೊದಲಿನಿಂದ ಬಂದ ರೂಢಿ. ಅಷ್ಟು ಹೊತ್ತು ಕೂರಲು ಸಿಗುತ್ತಿದ್ದುದರಿಂದಲೇ ಅವಳು ಕೆಲಸದಲ್ಲಿ ಉಳಿದಿದ್ದಳು. ಈಗ ಎಂಟು ದಿನ ಎಲ್ಲವನ್ನೂ ನಿಂತೇ ಮಾಡಿದಳು. ಮಂಡಿ ಊದಿ ಕುಂಬಳಕಾಯಿಯಾಯಿತು. ಇನ್ನೆರಡು ದಿನ ಹೀಗಾದರೆ ಕೆಲಸ ಬಿಡುವುದೊಂದೇ ದಾರಿ.

ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ತಂಗಿಯ ಮಗಳನ್ನು ಕರೆದು, ಈ ನೋ-ನೋ ಅನ್ನೋದು ಯಾವ ಕಾನೂನೇ ಎಂದು ಕೇಳಿದಳು. ಅವಳು ಬಿದ್ದು ಬಿದ್ದು ನಕ್ಕಳು.

"ಕಾನೂನೂ ಇಲ್ಲ, ಮಣ್ಣೂ ಇಲ್ಲ ದೊಡ್ಡಮ್ಮ. ಮಗು ಚಪ್ಪಲಿ ಬಾಯಿಗಿಟ್ಕೊಂಡ್ರೆ ಬೇಡ ಬೇಡ ಅಂತೀವಲ್ಲ, ಅದೇ. ದೊಡ್ಡವರೂ ಸಲುಗೇಲಿ ಅಂತಾರೆ, ಹೆಂಗಸರ ವಯಸ್ಸು ಕೇಳೋದು ನೋ-ನೋ ಅಂತ. ನಿಜವಾಗಿ ನಿಷೇಧ ಮಾಡೋರು ಬರೆದು ಸಹಿ ಹಾಕ್ತಾರೆ."

ಮರುದಿನ ಬೆಳಗ್ಗೆ ಅಕ್ಕ ಒಂದು ಬಿಳಿ ಹಾಳೆ, ಒಂದು ಪೆನ್ನು ತಂದು ಸೂಪರ್‌ವೈಸರನ ಮುಂದಿಟ್ಟಳು.

"ಕೂರಬಾರದು ಅಂತ ಬರೀರಿ ಸಾರ್. ಕೆಳಗೆ ಸಹಿ ಹಾಕಿ. ಡಾಕ್ಟರಿಗೆ ತೋರಿಸ್ಬೇಕು."

ಇಂಥದ್ದನ್ನೆಲ್ಲ ಬರೆಯುವುದಿಲ್ಲ, ತಾವೇ ತಿಳಿದುಕೊಳ್ಳಬೇಕು ಎಂದ. ಮೇಲಿನವರ ಇಷ್ಟ ಎಂದ. ಯಾವ ಮೇಲಿನವರು ಎಂದು ಕೇಳಿದ್ದಕ್ಕೆ ಪೆನ್ನಿನ ಮುಚ್ಚಳ ತೆಗೆದ, ಮತ್ತೆ ಹಾಕಿದ. ಮಿಕ್ಕ ಹೆಂಗಸರು ಕೈಲಿದ್ದ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಅವನ ದನಿ ತಗ್ಗಿತು.

"ಯಾರೂ ಹೇಳಿಲ್ಲಮ್ಮ. ನೋಡೋಕೆ ಚೆನ್ನಾಗಿರಲ್ಲ ಅಂತ ನಾನೇ ಹೇಳಿದ್ದು."

ಥೂ, ಇಷ್ಟೇನಾ ಇವನು! ಅಕ್ಕ ಸ್ಟೂಲು ಎಳೆದುಕೊಂಡು ಕೂತು, ಅಂಗಿಯೊಂದರ ಕಾಲರು ಹರವಿದಳು. ಅವನ ಮೇಲೆ ಸಿಟ್ಟು ಕೂಡ ಬರಲಿಲ್ಲ. ಸಿಟ್ಟು ಮಾಡಿಸಿಕೊಳ್ಳುವುದಕ್ಕೂ ಒಂದು ಯೋಗ್ಯತೆ ಬೇಕು. ಅವಳಿಗೆ ಹೇಸಿಗೆಯಾದದ್ದು ತನ್ನ ಮೇಲೆಯೇ. ಇಂಥ ಪುಕ್ಕಲನಿಗೆ ಹೆದರಿ ಎಂಟು ದಿನ ನಿಂತಿದ್ದೆನಲ್ಲ!