ಅಗಿದು ನೋಡಿ ಕೊಂಡ ಗೋಧಿ

ಆ ಹಿಂಗಾರಿಗೆ ಬೋನಾಳದ ಸಾಯಬಮ್ಮ ಮತ್ತು ಅವಳ ಮೈದುನ ಲಕ್ಷ್ಮಿಕಾಂತ ಒಂದೇ ಹೊಲದಲ್ಲಿ ಎರಡು ಥರದ ಗೋಧಿ ಬಿತ್ತಿದರು. ಲಕ್ಷ್ಮಿಕಾಂತನದು ಅಂಗಡಿಯಿಂದ ತಂದ ಹೊಸ ಬೀಜ. ತೆನೆ ದಪ್ಪ, ಇಳುವರಿ ಜಾಸ್ತಿ. ಸಾಯಬಮ್ಮನದು ತವರಿನಿಂದ ತಂದ ಜವಾರಿ, ಹಳೆಯ ನಾಟಿ ತಳಿ. ಕಾಳು ಉದ್ದ, ಜೇನಿನ ಬಣ್ಣ, ಇಳುವರಿ ಮಾತ್ರ ಅಷ್ಟಕ್ಕಷ್ಟೆ. ಅವಳ ಗಂಡ ದೇವಿಂದ್ರ ನಾರಾಯಣಪುರದ ಡ್ಯಾಮಿನಲ್ಲಿ ನೌಕರಿಗಿದ್ದ. ರಜೆಗೆ ಬಂದಾಗ ಎರಡೂ ಬೆಳೆಯನ್ನು ಹೊಗಳಿ, ಯಾರ ಪಕ್ಷವನ್ನೂ ವಹಿಸದೆ ಉಂಡು ಹೋಗುತ್ತಿದ್ದ.

ತೆನೆ ಒಕ್ಕುವ ರಾಶಿ ಮಷಿನ್ ಬಂದ ದಿನ ಸಾಯಬಮ್ಮ ಆಳುಗಳಿಗೆ ಬುತ್ತಿ ತರಲು ಮನೆಗೆ ಹೋಗಿದ್ದಳು. ಮಷಿನಿನವನಿಗೆ ಮುಂದಿನ ಹೊಲಕ್ಕೆ ಹೋಗುವ ಅವಸರ. ಲಕ್ಷ್ಮಿಕಾಂತ ತನ್ನ ಗೋಧಿಯ ಬೆನ್ನಿಗೇ ಅತ್ತಿಗೆಯದನ್ನೂ ಹಾಕಿಸಿಬಿಟ್ಟ. ಅವಳು ಬುಟ್ಟಿ ಇಳಿಸುವಷ್ಟರಲ್ಲಿ ಕೆಲವು ಚೀಲಗಳಲ್ಲಿ ಎರಡೂ ಕಾಳು ಕಲೆತುಹೋಗಿದ್ದವು.

"ಏ ಲಕ್ಷ್ಮಿಕಾಂತ, ಇದೇನ್ ಮಾಡಾಕತ್ತಿ?"

"ಗೋದಿ ಅಂದ್ರ ಗೋದಿನೇ ಅಲ್ಲೇನ್ ಅತ್ತಿಗಿ? ಗಿರಣ್ಯಾಗ ಹಾಕಿದ ಮ್ಯಾಲ ಎಲ್ಲಾ ಹಿಟ್ಟೇ."

"ಹಂಗಾದ್ರ ನಾಳಿಂದ ನಿನಗ ಹಾಲೂ ಮಜ್ಜಿಗಿನೂ ಕೂಡಿಸೇ ಕೊಡ್ತೀನಿ. ಎರಡೂ ಬೆಳ್ಳಗೇ ಅದಾವ."

ಆಳುಗಳು ನಕ್ಕರು. ಸಾಯಬಮ್ಮ ಮಷಿನ್ ನಿಲ್ಲಿಸಿ, ಒಳಗೆ ಉಳಿದ ಕಾಳನ್ನೆಲ್ಲ ಝಾಡಿಸಿ, ಮಿಕ್ಕ ಜವಾರಿಯನ್ನು ಬೇರೆಯಾಗಿಯೇ ರಾಶಿ ಮಾಡಿಸಿದಳು.

ಮಾಲನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಇಬ್ಬರೂ ಶಹಾಪುರದ ಗಂಜಿಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ, ಹೋದರು. ಅಲ್ಲಿ ನಸೀರುದ್ದೀನ ಎಂಬವರ ದಲಾಲಿ ಅಂಗಡಿ. ಸಾಯಬಮ್ಮನ ಮಾವನ ಕಾಲದಿಂದಲೂ ಈ ಮನೆಯ ಮಾಲು ಅವರಲ್ಲಿಗೇ ಹೋಗುತ್ತಿತ್ತು. ಹೊಸ ಗೋಧಿ, ಕಲೆತ ಗೋಧಿ, ಜವಾರಿ ಎಂದು ಮೂರು ಗುಡ್ಡೆ ಹಾಕಿದರು. ನಸೀರುದ್ದೀನ ಕಲೆತದ್ದನ್ನು ಅಂಗೈಯಲ್ಲಿ ಹರಡಿ ನೋಡಿ ನಾಲಿಗೆ ಲೊಚಗುಟ್ಟಿದರು.

"ಮಿಲಾವಟ್ ಆಗ್ಯಾದಲ್ಲೋ ಲಕ್ಷ್ಮಿಕಾಂತ."

"ಅರ್ಧ ಚಲೋ ಮಾಲೇ ಅದರಿ ಅದ್ರಾಗ."

"ಚೀಲದಾಗಿನ ಚಲೋ ಕಾಳ ನೋಡಿ ಯಾರೂ ರೇಟ್ ಹೇಳಂಗಿಲ್ಲಪಾ. ಕಡಿಮಿ ಕಾಳ ನೋಡಿ ಹೇಳ್ತಾರ."

ಹಾಗೆಯೇ ಆಯಿತು. ಮಧ್ಯಾಹ್ನ ಖರೀದಿದಾರರು ದರ ಬರೆದು ಹಾಕಿದ ಟೆಂಡರ್ ತೆರೆದಾಗ ಲಕ್ಷ್ಮಿಕಾಂತನ ಹೊಸ ಗೋಧಿಗೆ ಸಾಧಾರಣ ದರ ಬಂತು, ಕಲೆತದ್ದಕ್ಕೆ ಅದಕ್ಕಿಂತ ಕಡಿಮೆ. ಅವನು ಅತ್ತಿಗೆಯ ಮುಖ ನೋಡದೆ ಎರಡಕ್ಕೂ ಹೂಂ ಅಂದ. ಆದರೆ ಸಾಯಬಮ್ಮನಿಗೆ ಸಿಟ್ಟು ಬಂದದ್ದು ಮೂರನೆಯ ಗುಡ್ಡೆಯ ದರ ಕೇಳಿ. ಅವಳ ಶುದ್ಧ ಜವಾರಿಗೂ ಹೊಸ ಗೋಧಿಯ ದರವನ್ನೇ ಹಾಕಿದ್ದರು.

"ಇದ್ಯಾವ ನ್ಯಾಯರಿ ಸಾಹೇಬ್ರ? ಕೂಡಿಸಿದ್ರ ರೇಟ್ ಇಳೀತದ, ಬ್ಯಾರೆ ಇಟ್ರ ಏರಂಗಿಲ್ಲ?"

ನಸೀರುದ್ದೀನ ಅವಳಿಗೆ ಚಹಾ ತರಿಸಿದರು. "ನಿನ್ನ ಮಾಲಿಗೆ ಹೆಸರಿಡಂಗಿಲ್ಲವ್ವಾ. ಆದ್ರ ಇವತ್ತ ಖರೀದಿಗೆ ಬಂದವ್ರೆಲ್ಲಾ ಹಿಟ್ಟಿನ ಮಿಲ್ಲಿನವ್ರು. ಅವ್ರಿಗೆ ಮೆತ್ತನ ಗೋದಿ ಸಾಕು. ನಿಂದು ಗಟ್ಟಿ ಕಾಳು, ಶಾವಿಗಿಗೆ, ರವಾಕ್ಕ ಹೇಳಿ ಮಾಡಿಸಿದ್ದು. ಅದನ್ನ ಗುರ್ತ ಹಿಡಿಯಾಂವ ಇವತ್ತ ಗಂಜಿನ್ಯಾಗ ಇಲ್ಲ."

"ಹಂಗಾದ್ರ ನಾ ಕೊಡಂಗಿಲ್ಲ."

"ಬ್ಯಾಡಂದ್ರ ಬಿಡು. ರೇಟ್ ಒಪ್ಪೋದೂ ಬಿಡೋದೂ ರೈತರ ಮರ್ಜಿ."

ಲಕ್ಷ್ಮಿಕಾಂತ ಟಂಟಂ ಬಾಡಿಗೆಯ ಬಗ್ಗೆ ಏನೋ ಗೊಣಗಿದ. ಸಾಯಬಮ್ಮ ಕೇಳಿಸಿಕೊಳ್ಳಲಿಲ್ಲ. ಚೀಲ ಮತ್ತೆ ಹೇರುವಾಗ ನಸೀರುದ್ದೀನ ಹತ್ತಿರ ಬಂದರು. "ಸುರಪುರದ ಮ್ಯಾಲೇ ಹೋಗ್ತೀರಲ್ಲಾ, ಅಲ್ಲಿ ಮುನ್ನಿಬೀ ಅಂತ ಅದಾಳ. ಅಂಗಡಿಗಳಿಗೆ ಶಾವಿಗಿ ಮಾಡಿ ಕೊಡ್ತಾಳ. ರಮಜಾನ್ ನಡದದ, ಆಕಿಗೆ ಮಾಲು ಬೇಕಾಗಿರ್ತದ. ಒಮ್ಮಿ ಕೇಳಿ ನೋಡ್ರಿ."

ಮುನ್ನಿಬೀಯ ಅಂಗಳಕ್ಕೆ ಹೋದಾಗ ಬಿಸಿಲು ಇಳಿಯತೊಡಗಿತ್ತು. ಅಡ್ಡಡ್ಡ ಕಟ್ಟಿದ ಬಿದಿರಿನ ಗಳಗಳ ಮೇಲೆ ಶಾವಿಗೆ ಒಣಹಾಕಿದ್ದರು. ಅರ್ಧಕ್ಕರ್ಧ ಎಳೆಗಳು ತುಂಡಾಗಿ ಕೆಳಗೆ ಹಾಸಿದ್ದ ಸೀರೆಯ ಮೇಲೆ ಬಿದ್ದಿದ್ದವು. ಸೊಸೆ ಸಾಬೇರಾ ಅವನ್ನು ಬಳಿದು ಬುಟ್ಟಿಗೆ ತುಂಬುತ್ತಿದ್ದಳು. ಮುನ್ನಿಬೀ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ, ಗೋಧಿ ಕೊಟ್ಟ ಕಿರಾಣಿ ಅಂಗಡಿಯವನಿಗೆ ಶಾಪ ಹಾಕುತ್ತಿದ್ದಳು. ಸಾಯಬಮ್ಮ ಬಂದ ಕಾರಣ ಹೇಳಿ, ಬೊಗಸೆ ಜವಾರಿ ಮುಂದೆ ಹಿಡಿದಳು.

"ನೋಡಾಕೇನೋ ಚಂದ ಅದ. ಚಂದ ನೋಡೇ ಕೆಟ್ಟೀನಿ ನಾ," ಎಂದಳು ಮುನ್ನಿಬೀ. "ಬಾಯಾಗ ಹಾಕಿ ಅಗದ್ರ ಖರೆ ಗೊತ್ತಾಗ್ತದ. ಆದ್ರ ನಂದು ರೋಜಾ ಉಪವಾಸ, ಸೊಸೀದೂ ರೋಜಾ."

"ನಾ ಅಗದ ತೋರಸ್ತೀನಿ ತಗೋರಿ."

"ಮಾರೋರ ಬಾಯಿ ಹೆಂಗ ನಂಬ್ಲಿ ಅಕ್ಕಾ?" ಮುನ್ನಿಬೀಯ ಕಣ್ಣು ಲಕ್ಷ್ಮಿಕಾಂತನ ಮೇಲೆ ಬಿತ್ತು. ಅವನು ದೂರದಲ್ಲಿ ಮುಖ ಉಬ್ಬಿಸಿಕೊಂಡು ನಿಂತಿದ್ದ. "ಈ ತಮ್ಮಗ ನಿನ್ನ ಮ್ಯಾಲ ಸಿಟ್ಟು ಬಂದಂಗ ಕಾಣ್ತದ. ಇವನೇ ಅಗೀಲಿ."

ಮೊದಲು ಕಿರಾಣಿ ಅಂಗಡಿಯ ಗೋಧಿ ಕೊಟ್ಟಳು. ಲಕ್ಷ್ಮಿಕಾಂತ ಅಗಿದ. ಅದು ಬಾಯಲ್ಲಿ ಕರಗಿ ಅಂಬಲಿಯಂತೆ ಗಂಟಲಿಗೆ ಇಳಿಯಿತು. ಆಮೇಲೆ ಜವಾರಿ. ಕಾಳು ಕಟಂ ಎಂದು ಒಡೆಯಿತು. ಅಗಿದಂತೆಲ್ಲ ಬಿಗಿಯಾಗುತ್ತ ಹೋಗಿ ಹಲ್ಲಿಗೆ ಹಲ್ಲು ಅಂಟಿಕೊಂಡಿತು.

"ಹೆಂಗದಪಾ?"

"ಮ್... ಮ್ಮ್..." ಎಂದ ಲಕ್ಷ್ಮಿಕಾಂತ.

ಸಾಬೇರಾ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಮುನ್ನಿಬೀ ನಗಲಿಲ್ಲ. "ಹೊರಗ ತಗದು ಎರಡೂ ಕೈಲೆ ಎಳಿ," ಎಂದಳು. ಅವನು ಎಳೆದ. ಅಂಟು ಹರಿಯದೆ ಶಾವಿಗೆಯ ಎಳೆಯಂತೆ ಉದ್ದಕ್ಕೆ ಬಂತು. ಮುನ್ನಿಬೀಯ ಕಣ್ಣು ಅರಳಿದವು. ಆದರೆ ಅವಳೂ ವ್ಯಾಪಾರದವಳೇ.

"ಆಗ್ಲಿ. ಗಂಜಿನ್ಯಾಗ ಏನ್ ರೇಟ್ ಬಂದದೋ ಅದೇ ಕೊಡ್ತೀನಿ."

ಸಾಯಬಮ್ಮ ಕಾಳನ್ನು ಸೆರಗಿಗೆ ಕಟ್ಟಿಕೊಂಡು ತಿರುಗಿದಳು. "ಆ ರೇಟಿಗೆ ಕೊಡೋದಿದ್ರ ಅಲ್ಲೇ ಸುರುವಿ ಬರ್ತಿದ್ನಿ. ನಡಿ ಲಕ್ಷ್ಮಿಕಾಂತ."

ಲಕ್ಷ್ಮಿಕಾಂತ ನಡೆಯಲಿಲ್ಲ. ಹಲ್ಲಿನ ಸಂದಿಯ ಅಂಟನ್ನು ನಾಲಿಗೆಯಿಂದ ಬಿಡಿಸಿಕೊಳ್ಳುತ್ತ ಬುಟ್ಟಿಯಿಂದ ಒಂದು ಹಿಡಿ ಶಾವಿಗೆ ಚೂರು ಎತ್ತಿದ.

"ಇದಕ್ಕೆ ಯಾವ ಅಂಗಡ್ಯಾಂವ ಏನ್ ರೇಟ್ ಕೊಡ್ತಾನ್ರಿ ಮುನ್ನಿಬೀ? ಅಗ್ಗದ ಗೋದಿ ತಗೊಂಡು ನಿಮಗ ಉಳದದ್ದರ ಏನು? ನಾನೂ ಬೆಳಿಗ್ಗಿ ತನಕಾ ಗೋದಿ ಅಂದ್ರ ಗೋದಿನೇ ಅಂತಿದ್ನಿ."

ಸಾಯಬಮ್ಮ ಬೆರಗಾಗಿ ಮೈದುನನ ಕಡೆ ನೋಡಿದಳು. ಮುನ್ನಿಬೀ ಅವನ ಕೈಯೊಳಗಿನ ಚೂರು ನೋಡಿದಳು, ಆಮೇಲೆ ಗಳ ನೋಡಿದಳು. ಕೊನೆಗೆ ನಕ್ಕುಬಿಟ್ಟಳು.

"ಈ ನಿನ್ನ ಮೈದುನಗ ರೋಜಾ ಹಿಡಿಸಿ ಬಾಯಿ ಮುಚ್ಚಿಸ್ಬೇಕಿತ್ತು ನಾ."

ಗಂಜಿನ ದರದ ಮೇಲೆ ಕಾಲು ಭಾಗ ಹೆಚ್ಚು ಕೊಡುವುದೆಂದು ಮಾತಾಯಿತು. ತನಗೆ ಬೇಕಾದಷ್ಟು ಇಳಿಸಿಕೊಂಡ ಮುನ್ನಿಬೀ, ಶಾವಿಗೆ ಮಾಡುವ ಓಣಿಯ ಇನ್ನಿಬ್ಬರು ಹೆಂಗಸರನ್ನು ಕೂಗಿ ಕರೆದಳು. ಅವರೂ ಅದೇ ದರಕ್ಕೆ ಕೊಂಡರು. ಬೀಜಕ್ಕೆಂದು ಕೆಲವು ಚೀಲಗಳನ್ನು ಮಾತ್ರ ಸಾಯಬಮ್ಮ ಉಳಿಸಿಕೊಂಡಳು. ಹೊರಡುವಷ್ಟರಲ್ಲಿ ಮಸೀದಿಯ ಕೂಗು ಕೇಳಿ, ಸಾಬೇರಾ ಇವರ ಕೈಗೂ ಖರ್ಜೂರ ಹಾಕಿದಳು.

ಮರುವರ್ಷ ಲಕ್ಷ್ಮಿಕಾಂತ ಯಾರೂ ಹೇಳದೆಯೇ ತನ್ನ ಪಾಲಿನ ಅರ್ಧ ಹೊಲಕ್ಕೆ ಜವಾರಿ ಹಾಕಿದ. ಅವನ ಬಾಯಿಂದ ಶಾವಿಗೆಯ ಕತೆ ಕೇಳಿದ ಅಕ್ಕಪಕ್ಕದವರೂ ಬೀಜ ಕೇಳಿ ಒಯ್ದರು. ಸುಗ್ಗಿ ಹೊತ್ತಿಗೆ ಜವಾರಿ ಎಷ್ಟಾಯಿತೆಂದರೆ ಸುರಪುರದ ಹೆಂಗಸರೆಲ್ಲ ಕೊಂಡರೂ ಮುಗಿಯುವಂತಿರಲಿಲ್ಲ. ಸಾಯಬಮ್ಮ ನಸೀರುದ್ದೀನರಿಗೆ ಫೋನ್ ಹಚ್ಚಿದಳು.

"ಒಬ್ಬೊಬ್ರೇ ನಾಕ್ ನಾಕ್ ಚೀಲ ತಂದ್ರ ದೂರದವ್ರು ಬರಂಗಿಲ್ಲವ್ವಾ," ಎಂದರು ಅವರು. "ಎಲ್ಲಾರೂ ಒಂದೇ ದಿನ ಕೂಡಿ ತರ್ರಿ. ಮಾಲು ಮಾತ್ರ ಮಿಲಾವಟ್ ಇರಬಾರ್ದು. ರವಾ ಮಿಲ್ಲಿನವ್ರನ್ನ ನಾ ಕರಸ್ತೀನಿ."

ಬೋನಾಳದಿಂದ ಒಂದು ಟ್ರ್ಯಾಕ್ಟರ್ ಮಾಲು ಹೋಯಿತು. ರವಾ ಮಿಲ್ಲಿನವರು ಬಂದು ಗುಡ್ಡೆಗೆ ಕೈ ಹಾಕಿ ನೋಡಿ ಟೆಂಡರ್ ಹಾಕಿದರು. ದರ ಮುನ್ನಿಬೀ ಕೊಟ್ಟಷ್ಟಿರಲಿಲ್ಲ, ಆದರೆ ಹಿಟ್ಟಿನ ಮಿಲ್ಲಿನವರಿಗಿಂತ ಚೆನ್ನಾಗಿತ್ತು. ಊರವರೆಲ್ಲ ಸಾಯಬಮ್ಮನ ಮುಖ ನೋಡಿದರು. ಅವಳು ಗುಡ್ಡೆಯಿಂದ ಎರಡು ಕಾಳು ಎತ್ತಿ ಬಾಯಿಗೆ ಹಾಕಿ ಅಗಿದಳು.

"ಆಗ್ಲಿ," ಎಂದಳು. "ತೂಗ್ರಿ."