ನಾಪಾಸಾದ ಮಾಳಿಗೆ

"ಇಳೀಲೇ ಬೋಳೀಮಗನ! ಯಾರಪ್ಪನ ಮನಿ ಅಂತ ತಿಳದು ಮ್ಯಾಲ ಹತ್ತಿ?"

ದುರ್ಗಪ್ಪ ಮಾವ ಹತ್ತಿದ್ದು ತನ್ನ ಸ್ವಂತ ಮನೆಯನ್ನು. ಕೈಯಲ್ಲಿ ಸಲಿಕೆಯಿತ್ತು, ಮೊಣಕಾಲತನಕ ಕೆಸರಿತ್ತು. ಕೆಳಗೆ ತಾಲೂಕು ಬೋರ್ಡಿನ ಓವರಸಿಯರ್ ಬಸಯ್ಯ, ಬಿಳಿಯ ಅಂಗಿಗೆ ಮಣ್ಣು ಸಿಡಿಯದಷ್ಟು ದೂರದಲ್ಲಿ, ಕೊಡೆ ಬಿಚ್ಚಿಕೊಂಡು ನಿಂತಿದ್ದ. ಆ ಕೊಡೆಯ ಅರ್ಧ ನೆರಳಿನಲ್ಲಿ ಗುತ್ತಿಗೆದಾರ ಮಲಕಪ್ಪ ಎಲೆ ಅಡಿಕೆ ಮೆಲ್ಲುತ್ತಿದ್ದ.

"ನಂದಽ ಐತ್ರಿ ಸಾಹೇಬರ. ಸರಕಾರ ಕೊಟ್ಟ ಜಾಗಾ. ಗ್ವಾಡಿ ನಾವಽ ಕಟ್ಟೇವ್ರಿ."

"ಗ್ವಾಡಿ ನೀನರೆ ಕಟ್ಟು, ನಿನ್ನ ಕತ್ತೆಯರೆ ಕಟ್ಟಲಿ. ಮ್ಯಾಳಿಗಿ ಹಾಕಾಕ ಲೈಸನ್ಸ್ ಬೇಕು. ಐತೇನ್ ನಿನ್ನ ಹಂತ್ಯಾಕ?"

ಮಾವನ ಹತ್ತಿರ ಇರಲಿಲ್ಲ. ತುರ್ತುಪರಿಸ್ಥಿತಿ ಮುಗಿದ ಮರುವರ್ಷ ನಮ್ಮ ಮಾದರ ಕೇರಿಗೆ ಊರ ಹೊರಗೆ ಹೊಸ ಜಾಗ ಹಂಚಿದ್ದರು. ಅದರ ಬೆನ್ನಿಗೇ ಬೋರ್ಡು ಒಂದು ಕಾಯ್ದೆಯನ್ನೂ ತಂದಿತ್ತು. ವಾಸದ ಮನೆಗೆ ಮಾಳಿಗೆ, ಅಂದರೆ ಮಣ್ಣಿನ ಚಾವಣಿ, ಹಾಕುವವನು ಲೈಸನ್ಸ್ ಪಡೆದಿರಬೇಕು. ಲೈಸನ್ಸ್ ಬೇಕಾದರೆ ಪರೀಕ್ಷೆಯಲ್ಲಿ ಪಾಸಾಗಬೇಕು. ಲೈಸನ್ಸ್ ಇಲ್ಲದವನ ಮಾಳಿಗೆಯನ್ನೂ ಪರೀಕ್ಷೆಯಲ್ಲಿ ನಾಪಾಸಾದ ಮಾಳಿಗೆಯನ್ನೂ ಒಡನೆ ಕೆಡವಬೇಕು. ಕಮತಗಿಯಿಂದ ಇಳಕಲ್ಲಿನವರೆಗೆ ಮಾವನೂ ಅವನ ಅಪ್ಪನೂ ಹಾಕಿದ ಮಣ್ಣಿನ ಮಾಳಿಗೆಗಳ ಕೆಳಗೆ ಎಷ್ಟೋ ಸಂಸಾರಗಳು ಮಲಗಿ ಏಳುತ್ತಿದ್ದವು. ಲೈಸನ್ಸ್ ಮಾತ್ರ ಮಲಕಪ್ಪನೊಬ್ಬನಿಗಿತ್ತು. ಮಂಚದ ಮೇಲೆ ನಿಂತರೂ ಅವನಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಊರವರ ಮನೆಗಳೆಲ್ಲ ಮುಗಿದ ಮೇಲೆ ಅವನಿಗೆ ನಮ್ಮ ಕೇರಿಯ ನೆನಪಾಗುತ್ತಿತ್ತು. ಮುಂಗಾರಿನ ಮಿರಗದ ಮಳೆ ಅಲ್ಲಿಯವರೆಗೆ ಕಾಯುತ್ತಿರಲಿಲ್ಲ.

"ಯಾರ ಕಡಿಂದ ಕೆಡವಿಸ್ತೀರಿ ಸಾಹೇಬರ?" ಎಂದ ಮಲಕಪ್ಪ.

"ಅವನಽ ಹಾಕ್ಯಾನ, ಅವನಽ ಕೆಡವ್ತಾನ."

"ಹಾ, ಅದೂ ಖರೆ." ಮಲಕಪ್ಪ ಉಗುಳಿ ಬಾಯಿ ಒರೆಸಿಕೊಂಡು ಮೇಲೆ ನೋಡಿದ. "ಕೆಡವಲೇ ದುರ್ಗ್ಯಾ, ಅಂಜಬ್ಯಾಡ. ಕೆಡವಾಕ ಲೈಸನ್ಸ್ ಬೇಕಾಗಿಲ್ಲ!"

ಜತೆಗೆ ಬಂದಿದ್ದ ಬೋರ್ಡಿನ ಜವಾನ, ಪಟ್ಟೇವಾಲಾ ನಕ್ಕ. ಓವರಸಿಯರನೂ ನಕ್ಕ. ಮಾವ ತಾನು ಬೆಳಿಗ್ಗೆ ಬಡಿದು ಕೂಡಿಸಿದ ಮಣ್ಣಿಗೇ ಸಲಿಕೆ ಹಾಕಿದ. ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನಕ್ಕ, ಮಾವನ ಹೆಂಡತಿ ಹನಮವ್ವ ಹೊರಗೆ ಬಂದಳು. ಅವಳ ತಲೆಯ ಮೇಲೆ, ಹೆಗಲ ಮೇಲೆ, ಕೈಯಲ್ಲಿದ್ದ ಹಿಟ್ಟಿನ ಮೇಲೆ ಮಣ್ಣು ಬಿದ್ದಿತ್ತು. ಅವಳು ಅದನ್ನು ಕೊಡವಿಕೊಳ್ಳಲಿಲ್ಲ.

ನಾನು ಆ ಊರಲ್ಲಿ ಉಳಿಯಲು ಬಂದವನಲ್ಲ. ಬಾದಾಮಿಯಲ್ಲಿ ಕಲ್ಲು ಹೊತ್ತೆ, ಚೊಳಚಗುಡ್ಡದಲ್ಲಿ ಒಂದು ಚಹಾದಂಗಡಿಯ ಕಪ್ಪುಬಸಿ ತೊಳೆದೆ. ಎಲ್ಲಿಯೂ ನನ್ನ ಕಾಲು ನಿಲ್ಲಲಿಲ್ಲ. ಗೋವೆಗೆ ಹೋಗುವ ಲಾರಿ ಸಿಕ್ಕುವತನಕ ಎಂದು ಅಕ್ಕನ ಮನೆಯ ಗೂಟಕ್ಕೆ ಚೀಲ ತೂಗುಹಾಕಿದ್ದೆ. ಈಗ ಆ ಗೂಟದ ಮೇಲೆ ಆಕಾಶವಿತ್ತು.

"ನಾಳಿ ಹೋಗ್ತೇನಿ ಅಕ್ಕಾ," ಎಂದೆ.

"ಹೋಗು ತಮ್ಮಾ. ನಿನಗರೆ ಹೋಗಾಕ ಊರು ಅದಾವ. ನಿಮ್ಮ ಮಾವ ಪರೀಕ್ಷಾಕ ಕುಂದರ್ತಾನಂತ. ಅಷ್ಟು ಮುಗಿಸಿಕೊಟ್ಟು ಹೋಗು."

ಪರೀಕ್ಷೆಗೆ ಓವರಸಿಯರ್ ತೋರಿಸಿದ ಜಾಗದಲ್ಲಿ ಒಂದು ಕೋಣೆಗೆ ಮಾಳಿಗೆ ಹಾಕಬೇಕಿತ್ತು. ಸಾಮಾನು ಪರೀಕ್ಷೆ ಕೊಡುವವನದೇ. ಹಾಕಿ ಮುಗಿದ ಮೇಲೆ ನೀರು ಸುರಿಯುತ್ತಾರೆ. ಕೆಳಗೆ ಒಂದು ಹನಿಯೂ ಬೀಳಬಾರದು. ಓವರಸಿಯರ್ ತೋರಿಸಿದ್ದು ಬಸ್ಸಿನ ರಸ್ತೆಗೆ ತಾಗಿ ತಾನು ಕಟ್ಟಿಸುತ್ತಿದ್ದ ಹೊಸ ಮನೆಯ ಅಡುಗೆಕೋಣೆಯನ್ನು.

ನಮ್ಮ ಮನೆಯ ಮೇಲಿಂದ ಇಳಿಸಿದ ಬೇವಿನ ಜಂತೆಗಳನ್ನು ತಲೆಯ ಮೇಲೆ ಹೊತ್ತು ಅಲ್ಲಿಗೆ ಹೋದಾಗ, ಹಿತ್ತಲಲ್ಲಿ ಕಮತಗಿಯ ಬೀರಲಿಂಗಪ್ಪ ಕುಳಿತು ಬೀಡಿ ಸೇದುತ್ತಿದ್ದ. ಅವನು ಹಿಂದಿನ ವರ್ಷ ಪರೀಕ್ಷೆ ಕೊಟ್ಟು ನಾಪಾಸಾದವನು. ಈ ಸಲವಾದರೂ ತನಗೆ ಕರೆ ಬರುತ್ತದೆಯೋ ಎಂದು ಕೇಳಲು ಬಂದಿದ್ದ.

"ಬಾ ದುರ್ಗಪ್ಪ, ನೋಡಿಲ್ಲಿ." ದನದ ಕೊಟ್ಟಿಗೆಯ ಕಡೆಗೆ ಬೀಡಿ ತೋರಿಸಿದ. "ಇದು ನನ್ನ ಪರೀಕ್ಷಾ. ನಾಪಾಸಾತು, ಆದ್ರ ಸಾಹೇಬನ ಎಮ್ಮಿ ಭಾಳ ಬೆಚ್ಚಗ ಅದಾವ. ನಿನಗ ಅಡಗಿಮನಿ ಕೊಟ್ಟಾನಂದ್ರ ಬಡ್ತಿ ಆತಲೇ ಮಗನ!"

ಮಾವ ಮೇಲೆ ಹತ್ತಿದ. ತೊಲೆಯ ಮೇಲೆ ಜಂತೆ ಜೋಡಿಸಿದ. ಅದರ ಮೇಲೆ ತೊಗರಿಕಟ್ಟಿಗೆ ಹಾಸಿ, ಹುಳ ಹತ್ತದಿರಲೆಂದು ಬೇವಿನ ಎಲೆತಪ್ಪಲು ಹರಡಿದ. ಅಂಗಳದಲ್ಲಿ ಅಕ್ಕ ಸೀರೆಯನ್ನು ಮೊಣಕಾಲಿಗೆತ್ತಿ ಕಟ್ಟಿ ಕೆಸರು ತುಳಿಯುತ್ತಿದ್ದಳು. ಓವರಸಿಯರ್ ಕುರ್ಚಿ ತರಿಸಿಕೊಂಡು ಅವಳ ಎದುರಿಗೇ ಕುಳಿತ.

"ಹನಮೀ, ಇನ್ನಷ್ಟು ಎತ್ತಿ ಕಟ್ಟು. ಸರಕಾರಿ ಪರೀಕ್ಷಾ ಐತಿ, ಎಲ್ಲಾ ನೋಡಿ ಬರಕೋಬೇಕಾಗ್ತದ."

ಪಕ್ಕದಲ್ಲಿದ್ದ ಮಲಕಪ್ಪ ಕೆಮ್ಮು ಬರುವಷ್ಟು ನಕ್ಕ. ಅಕ್ಕ ತುಳಿಯುವುದನ್ನು ನಿಲ್ಲಿಸಲಿಲ್ಲ. ಹೆಜ್ಜೆ ಮಾತ್ರ ಜೋರಾಯಿತು. ಮೇಲೆ ಮಾವನ ಬೆನ್ನು ನಮಗೆ ಕಾಣುತ್ತಿತ್ತು. ಆ ಬೆನ್ನು ತಿರುಗಲಿಲ್ಲ.

ಬೆಳಕಿಂಡಿಯನ್ನು ಒಲೆಯ ನೆತ್ತಿಗೆ ಬಿಡಬೇಕು, ಇಲ್ಲದಿದ್ದರೆ ಹೊಗೆ ಒಳಗೇ ಸುತ್ತುತ್ತದೆ. ಒಲೆಯ ಜಾಗ ನೋಡಿ ಬರಲು ಮಾವ ಕೆಳಗಿಳಿದು ಹೊಸ್ತಿಲ ಹತ್ತಿರ ಹೋದ.

"ಅಲ್ಲೇ ನಿಂದ್ರೋ!" ಸಾಹೇಬನ ಹೆಂಡತಿ ಗುರುಲಿಂಗವ್ವ ಒಳಗಿನಿಂದ ಕೂಗಿದಳು. "ಒಳಗ ಬಂದೀ ಮತ್ತ! ಮ್ಯಾಲ ಹತ್ತು, ನಾ ತೋರಸ್ತೇನಿ."

ಅವಳು ಒಳಗೆ ನಿಂತು ಸೌಟು ಎತ್ತಿ ಹಿಡಿದಳು. ಮಾವ ಜಂತೆಗಳ ಮೇಲೆ ಬೋರಲು ಮಲಗಿ, ತಪ್ಪಲು ಸರಿಸಿದ ಸಂದಿಯಿಂದ ಆ ಸೌಟನ್ನು ನೋಡಿ ಬೆಳಕಿಂಡಿಗೆ ಗುರುತು ಹಾಕಿದ. ನೀರಡಿಕೆಯಾದಾಗ ನಾವು ಕಟ್ಟೆಯ ಕೆಳಗೆ ಬೊಗಸೆ ಒಡ್ಡಿದೆವು. ಅವಳು ಚರಿಗೆಯನ್ನು ಎಷ್ಟು ಎತ್ತರದಿಂದ ಬಗ್ಗಿಸಿದಳೆಂದರೆ ಅರ್ಧ ನೀರು ನಮ್ಮ ಮೂಗಿಗೆ ಹೋಯಿತು.

ಕೆಸರಿನ ಮೇಲೆ ಒಣಮಣ್ಣು, ಒಣಮಣ್ಣಿನ ಮೇಲೆ ನೀರು ಇಳಿಯಗೊಡದ ಕರಲು ಮಣ್ಣು. ಎಲ್ಲ ಮುಗಿದು ಬಡಿದು ಒಣಗಿದ ಮೇಲೆ ನೀರಿನ ದಿನ ಬಂತು. ಆ ದಿನ ಒಳ್ಳೆಯದಿದೆಯೆಂದು ಗುರುಲಿಂಗವ್ವ ಹೊಸ ಒಲೆಗೆ ಪೂಜೆ ಮಾಡಿ ಹಾಲು ಉಕ್ಕಿಸಲು ಇಟ್ಟಿದ್ದಳು. ನಾವು ಬಾವಿಯಿಂದ ಕೊಡಗಟ್ಟಲೆ ನೀರು ಹೊತ್ತು ಮಾಳಿಗೆಗೆ ಸುರಿದೆವು. ನೀರು ಸುಮ್ಮನೆ ಹರಿದು ಅಂಚಿಗೆ ಕೂಡಿಸಿದ ಮರದ ದೋಣಿಯಿಂದ ಹಿತ್ತಲಿಗೆ ಬಿತ್ತು. ಓವರಸಿಯರ್ ಒಳಗೆ ಕತ್ತು ಮೇಲೆತ್ತಿ ಮೂಲೆ ಮೂಲೆ ನೋಡಿದ. ಒಂದು ಹನಿಯೂ ಬೀಳಲಿಲ್ಲ. ಕತ್ತು ನೀವಿಕೊಳ್ಳುತ್ತ ಅಂಗಳಕ್ಕೆ ಬಂದ.

"ನಾಪಾಸು."

"ಹನಿ ಬಿದ್ದಿಲ್ಲಲ್ರಿ ಯಪ್ಪಾ?" ಮಾಳಿಗೆಯ ಅಂಚಿನಿಂದ ಮಾವ ಕೇಳಿದ.

"ಹನಿ ಬಿದ್ದಿಲ್ಲ, ಖರೆ. ಆದ್ರ ನೋಡಾಕ ಚಂದ ಇಲ್ಲ. ಬರದಾತು, ಇನ್ನ ಅಳಸಾಕ ಬರಂಗಿಲ್ಲ. ಮುಂದಿನ ವರ್ಷ ಬಾ. ಮುಂದಿನ ವರ್ಷ ಪಡಸಾಲಿ ಐತಿ."

ಬೀರಲಿಂಗಪ್ಪ ಬೀಡಿಯನ್ನು ಬಾಯಿಂದ ತೆಗೆದ. ಮಾವ, "ಆಗಲ್ರಿ," ಎಂದು ತಿರುಗಿ ನಿಚ್ಚಣಿಕೆಯ ಮೇಲೆ ಕಾಲಿಟ್ಟ. ಎಲ್ಲ ಕಡೆಯಿಂದಲೂ ಅವನು ಹಾಗೆಯೇ ಇಳಿದು ಬಂದವನು.

"ನಿಂದ್ರು," ಎಂದಳು ಅಕ್ಕ. ಅವಳು ಕೊಡ ಹೊತ್ತು ಇನ್ನೂ ಮೇಲೆಯೇ ಇದ್ದಳು. ಕೊಡ ಇಳಿಸಿ ಅಂಚಿಗೆ ಬಂದಳು. "ಸಾಹೇಬರ, ನಾಪಾಸಂದ್ರ ಖರೇನಽ ನಾಪಾಸೇನ್ರಿ? ಚಾಷ್ಟಿ ಅಲ್ಲಲ್ಲ?"

"ನಿನ್ನ ಕೂಡ ಏನು ಚಾಷ್ಟಿ ನಂದು? ನಾಪಾಸಂದ್ರ ನಾಪಾಸು."

"ಹಂಗಾರ ಇದು ನಿಮ್ಮ ತಲಿ ಮ್ಯಾಲ ಇರಬಾರ್ದರಿ. ನಿಮ್ಮದಽ ಕಾಯ್ದೆ."

ಅವಳು ಅಲ್ಲೇ ಬಿದ್ದಿದ್ದ ಗುದ್ದಲಿ ಎತ್ತಿ ಹೊಡೆದಳು. ಮೊದಲನೆಯ ಏಟಿಗೆ ಕರಲು ಬಿರಿಯಿತು. ಮೂರನೆಯದಕ್ಕೋ ನಾಲ್ಕನೆಯದಕ್ಕೋ ತೊಗರಿಕಟ್ಟಿಗೆ ಮುರಿದು ಒಳಗೆ ಧೊಪ್ಪೆಂದು ಬಿತ್ತು.

"ಅಯ್ಯಯ್ಯ, ನನ್ನ ಹಾಲು!" ಗುರುಲಿಂಗವ್ವ ಮಣ್ಣು ಮೆತ್ತಿದ ತಲೆಯಲ್ಲಿ ಹೊರಗೆ ಓಡಿ ಬಂದಳು.

"ಏ ಹುಚ್ಚ ರಂಡಿ! ಏನ್ ಮಾಡಾಕ್ಹತ್ತಿ? ಹಿಡೀರಲೇ ಆಕಿನ್ನ!" ಓವರಸಿಯರ್ ಕೂಗಿದ.

ಪಟ್ಟೇವಾಲಾ ನಿಚ್ಚಣಿಕೆಯ ಬುಡಕ್ಕೆ ಹೋಗಿ, ಮೇಲೆ ಗುದ್ದಲಿಯನ್ನು ನೋಡಿ, ತಿರುಗಿ ಬಂದ. "ನನಗ ಹತ್ತಿ ರೂಢಿ ಇಲ್ರಿ ಸಾಹೇಬರ." ಓವರಸಿಯರ್ ಮಲಕಪ್ಪನ ಕಡೆ ನೋಡಿದ. ಮಲಕಪ್ಪ ನೆಲ ನೋಡಿದ.

"ಕೆಡವಾಕ ಲೈಸನ್ಸ್ ಬೇಕಾಗಿಲ್ಲ ಅಂತ ಇವರಽ ಹೇಳ್ಯಾರ!" ಅಕ್ಕ ಮೇಲಿನಿಂದ ಮಲಕಪ್ಪನನ್ನು ತೋರಿಸಿದಳು.

ಓವರಸಿಯರನ ದನಿ ಒಮ್ಮೆಲೇ ಇಳಿಯಿತು. ಅವನು ಮಾವನನ್ನು ನೋಡಿ ಕೈ ಎತ್ತಿದ. "ದುರ್ಗಪ್ಪಾ, ಕೇಳಿಲ್ಲಿ. ಪಾಸು. ಪಾಸಂತ ಬರೀತೇನಿ. ಇವತ್ತಽ ಲೈಸನ್ಸ್ ಒಯ್ಯಿ. ನಿನ್ನ ಹೇಣತಿನ್ನ ಇಳಸು."

ನಿಚ್ಚಣಿಕೆಯ ತುದಿಯ ಮೆಟ್ಟಿಲ ಮೇಲೆ ಮಾವನ ಒಂದು ಕಾಲಿತ್ತು. ಅವನು ಹೆಂಡತಿಯ ಮುಖ ನೋಡಲಿಲ್ಲ. ಅವಳು ಹೊಡೆದ ಕಿಂಡಿಯಲ್ಲಿ ಹೊರಗೆ ಕಾಣುತ್ತಿದ್ದ ಬೇವಿನ ಜಂತೆಯ ತುದಿಯನ್ನು ನೋಡಿದ.

"ಪಾಸಾದ್ರ ನನ್ನ ಜಂತಿ ಇಲ್ಲೇ ಉಳೀತಾವ್ರಿ," ಎಂದ. "ಬ್ಯಾಡ್ರಿ."

ಕಾಲನ್ನು ಮೇಲೆಳೆದುಕೊಂಡು ಸಲಿಕೆ ಹಿಡಿದ. ನಾನೂ ಹತ್ತಿದೆ. ಕೆಳಗೆ ಬೀರಲಿಂಗಪ್ಪ ಬೀಡಿಯನ್ನು ಹೊಸಕಿ ಎದ್ದು ನಿಂತು, ಯಾರನ್ನೋ ದಾರಿ ಕೇಳುವವನಂತೆ ಕೂಗಿದ:

"ಹನಮಕ್ಕಾ, ದನದ ಕೊಟಗೀನೂ ನಾಪಾಸ ಅಲ್ಲೇನು?"

"ನಿಂದು ಹೋದ ವರ್ಷಽ ನಾಪಾಸು. ನೀ ತಡಾ ಮಾಡೀದಿ, ಯಣ್ಣಾ."

ಅವನು ಎಮ್ಮೆಗಳನ್ನು ಒಂದೊಂದಾಗಿ ಬಿಚ್ಚಿ ಹೊರಗೆ ಕಟ್ಟಿ, ಹಾರೆ ಹುಡುಕಿಕೊಂಡು ಕೊಟ್ಟಿಗೆ ಹತ್ತಿದ.

ಹೊತ್ತು ಇಳಿಯುವ ಮೊದಲೇ ಜಂತೆಗಳನ್ನು ತಲೆಯ ಮೇಲಿಟ್ಟು ನಾವು ಪೇಟೆಯ ನಡುವೆ ಹೊರಟೆವು. ಅಂಗಡಿಗಳ ಕಟ್ಟೆಯ ಮೇಲೆ ಕುಳಿತವರು ಎದ್ದು ನಿಂತು ನೋಡಿದರು. ಬಾದಾಮಿಯ ದಿಕ್ಕಿನಲ್ಲಿ ಮೋಡ ಕಪ್ಪಾಗಿ ಕೂಡಿಕೊಳ್ಳುತ್ತಿತ್ತು, ಗಾಳಿಯಲ್ಲಿ ಎಲ್ಲಿಯೋ ಆಗಲೇ ಬಿದ್ದ ಮಳೆಯ ವಾಸನೆಯಿತ್ತು.

ಯಾರೂ ಕರೆಯದಿದ್ದರೂ ಕೇರಿಯ ಹೆಂಗಸರು ಕೆಸರಿಗೆ ಇಳಿದರು. ನಾವು ಬಿಡುವಿಲ್ಲದೆ ನಮ್ಮ ಮನೆಯ ಗೋಡೆಗಳ ಮೇಲೆ ಜಂತೆ ಜೋಡಿಸಿದೆವು. ಅರ್ಧ ಕೋಣೆ ಮುಚ್ಚುವಷ್ಟರಲ್ಲಿ ಕಮತಗಿ ರಸ್ತೆಯ ಕಡೆಯಿಂದ ಜೀಪಿನ ಸದ್ದು ಬಂತು, ಅದರ ಹಿಂದೆ ಧೂಳು. ಜೀಪು ಅಂಗಳದಲ್ಲಿ ನಿಂತಿತು. ಓವರಸಿಯರ್ ಇಳಿದ, ಅವನ ಹಿಂದೆ ಲಾಠಿ ಹಿಡಿದ ಪೊಲೀಸರು ಇಳಿದರು.

"ಇಳೀಲೇ, ಬೋಳೀಮಗನ!"

ಮಾವ ಜಂತೆಯ ಮೇಲೆ ಎರಡೂ ಕಾಲು ಊರಿ ನಿಂತಿದ್ದ. ಕೆಳಗೆ ನೋಡದೆ ಅಕ್ಕನ ಕಡೆ ಕೈ ಚಾಚಿದ.

"ತಪ್ಪಲಾ ಕೊಡು."

ಅಕ್ಕ ಬೇವಿನ ತಪ್ಪಲಿನ ಹೊರೆಯನ್ನು ಅವನ ಕೈಗೆ ಕೊಟ್ಟು, ಮೇಲೆಯೇ ಇದ್ದ ನನ್ನ ಕಡೆ ತಿರುಗಿದಳು.

"ತಮ್ಮಾ, ನಿಚ್ಚಣಕಿ ಮ್ಯಾಲ ಎಳಕೊ."

ನನ್ನ ಚೀಲ ಕೆಳಗೆ ಗೂಟಕ್ಕೆ ತೂಗುತ್ತಿತ್ತು. ನಾನು ನಿಚ್ಚಣಿಕೆಯನ್ನು ಮೇಲೆಳೆದುಕೊಂಡೆ.