ಪುಟದಲ್ಲಿ ಕಾಣದ ಸಾಲು

"ಶುಚಿತ್ವ ಅಂತ ಇರ್ಬೇಕಾದ ಕಡೆ ಸುಚಿತ್ವ ಅಂತ ಬಿಟ್ಟಿದೀಯಲ್ಲೇ. ನಿಮ್ ಜನಕ್ಕೆ ಆ ಪದ ಬಾಯಲ್ಲೂ ಬರಲ್ಲ, ಕೈಯಲ್ಲೂ ಬರಲ್ಲ, ಅಲ್ವಾ?"

ಜಗನ್ನಾಥ ಪರದೆಯನ್ನು ಬೆರಳಿನಿಂದ ಕುಟ್ಟುತ್ತ ಹೇಳಿದ. ಕಲಾವತಿ ಕುರ್ಚಿ ಬಿಟ್ಟು ಎದ್ದು ನಿಂತಿದ್ದಳು. ಸುಚಿತ್ವ ಎಂದು ಟೈಪ್ ಮಾಡಿದವನು ಅವನೇ. ಆದರೆ ಹಾಗೆಂದು ಹೇಳುವಂತಿರಲಿಲ್ಲ. ತಪ್ಪು ಯಾರೇ ಬರೆಯಲಿ, ಅವಳ ಕಣ್ಣು ತಪ್ಪಿಸಿತೆಂದರೆ ಬೈಗುಳ ಅವಳದು.

"ಸರಿ ಮಾಡ್ತೀನ್ರಿ ಸಾರ್."

"ಮಾಡ್ತೀನ್ರಿ ಅಂತೆ. ಮೊದ್ಲು ಆ ರೀ ಬಿಡು. ಮಧ್ಯಾಹ್ನ ಕಾಲೇಜಿನೋರು ಬರ್ತಾರೆ, ಅವ್ರ ಮುಂದೆ ಬಾಯಿ ತೆಗೀಬೇಡ."

ಸುಂಕದಕಟ್ಟೆಯ ಆ ಕಟ್ಟಡ ಅರುಣ್ ಕುಮಾರನದು. ಶ್ರೀಗಂಧದ ಕಾವಲ್‌ನಲ್ಲಿ ತಾತನ ಕಾಲದ ರಾಗಿ ಹೊಲ ಸೈಟುಗಳಾದ ಮೇಲೆ ಎದ್ದದ್ದು. ಕೆಳಗೆ ಅವನ ಏಜೆನ್ಸಿ. ಕಸ ಗುಡಿಸಲು, ಕಕ್ಕಸು ತೊಳೆಯಲು, ಮಲಗುಂಡಿ ಖಾಲಿ ಮಾಡಲು ಅಪಾರ್ಟ್‌ಮೆಂಟುಗಳಿಗೆ ಆಳುಗಳನ್ನು ಕಳಿಸುವುದು ಅದರ ದಂಧೆ. ಮೊದಲನೇ ಮಹಡಿಯಲ್ಲಿ ಅವನ ಅಕ್ಕನ ಮಗ ಜಗನ್ನಾಥನ ವೆಬ್‌ಸೈಟ್ ಆಫೀಸು. ತಾರಸಿಯ ಮೇಲೆ ತಗಡಿನ ಒಂದು ಕೋಣೆ. ಅದರಲ್ಲಿ ಕಲಾವತಿ ಮತ್ತು ಅವಳ ತಾಯಿ ಪಾರವ್ವ.

ಪುಟ ಕಟ್ಟಿಕೊಡುವ ಸಿದ್ಧ ಸಾಫ್ಟ್‌ವೇರ್ ಎಂದರೆ ಜಗನ್ನಾಥನಿಗೆ ತಾತ್ಸಾರ. ಕೋಡಿನ ಒಂದೊಂದು ಸಾಲನ್ನೂ ಕೈಯಾರೆ ಟೈಪ್ ಮಾಡುತ್ತೇನೆಂಬ ಜಂಬ. ಆ ಕೋಡಿನ ಮುಳ್ಳುಬೇಲಿಯಲ್ಲಿ ಕನ್ನಡ ಅಲ್ಲೊಂದು ಇಲ್ಲೊಂದು ಸಾಲಾಗಿ ಸಿಕ್ಕಿಕೊಂಡಿರುತ್ತಿತ್ತು. ಕಂಪ್ಯೂಟರಿಗೆ ಕಾಗುಣಿತ ನೋಡು ಎಂದರೆ ಅದು ಕೋಡಿಗೂ ಕೆಂಪು ಗೆರೆ, ಸರಿಯಾದ ಕನ್ನಡಕ್ಕೂ ಕೆಂಪು ಗೆರೆ ಎಳೆದು ಕೂರುತ್ತಿತ್ತು. ಹೀಗಾಗಿ ಮನುಷ್ಯರ ಕಣ್ಣು ಬೇಕಾಗಿತ್ತು. ಶಹಾಪುರದಲ್ಲಿ ಬಿ.ಎ. ಮುಗಿಸಿ ಬಂದಿದ್ದ ಕಲಾವತಿಯ ಕಣ್ಣು ಸಿಕ್ಕಿತ್ತು.

ಸಿಕ್ಕ ಬಗೆ ಬೇರೆ. ಕೆಂಗೇರಿ ಉಪನಗರದ ಅಪಾರ್ಟ್‌ಮೆಂಟೊಂದರ ಮಲಗುಂಡಿಗೆ ಅವಳ ಅಣ್ಣ ಶ್ರೀಶೈಲನನ್ನು ಇಳಿಸಿದ್ದು ಅರುಣ್ ಕುಮಾರನ ಏಜೆನ್ಸಿ. ಸೊಂಟಕ್ಕೊಂದು ಹಗ್ಗ, ಅಷ್ಟೇ. ಅದೇ ಹಗ್ಗದಲ್ಲಿ ಹೆಣ ಮೇಲೆ ಬಂತು. ಶವಾಗಾರದ ಎದುರು ಅರುಣ್ ಕುಮಾರ್ ಪಾರವ್ವನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಮೆಲ್ಲಗೆ ಹೇಳಿದ್ದ: "ನೋಡಮ್ಮ, ಹೋದೋನು ಹೋದ. ನಿಂಗೊಂದ್ ಕೆಲ್ಸ, ಮಗಳಿಗೆ ಆಫೀಸ್ ಕೆಲ್ಸ, ಇರೋಕೆ ರೂಮು. ಅವ್ನು ನಮ್ ಕಡೆಯೋನಲ್ಲ, ಕುಡ್ದು ಕಾಲ್ ಜಾರಿ ಬಿದ್ದ ತಾನೇ ಅಂತ ಪೊಲೀಸ್ನೋರು ಕೇಳ್ತಾರೆ. ತಲೆ ಆಡ್ಸು ಸಾಕು."

ಪೊಲೀಸರು ಕೇಳಿದಾಗ ಪಾರವ್ವ ತಲೆಯಾಡಿಸಿದ್ದಳು. ಆಮೇಲೆ ತಾಯಿ ಮಗಳು ಆ ಮಾತನ್ನು ತಮ್ಮತಮ್ಮಲ್ಲೂ ಎತ್ತಲಿಲ್ಲ.

ಈಗ ಯಾವುದೋ ದೊಡ್ಡ ಕಾಲೇಜಿನವರು ಶುಚಿ ಕೆಲಸದ ಗುತ್ತಿಗೆ ಕೊಡುವ ಮುನ್ನ ಏಜೆನ್ಸಿಯನ್ನು ನೋಡಲು ಬರುವವರಿದ್ದರು. ಅವರಿಗಾಗಿ ಅವಸರದಲ್ಲಿ ತಯಾರಾದ ಹೊಸ ಪುಟ ಅವಳ ಮುಂದಿತ್ತು. ಮೇಲೆ 'ಸುರಕ್ಷತೆ' ಎಂಬ ತಲೆಬರಹ. ಕೆಳಗಿನ ಸಾಲು: 'ನಮ್ಮ ಸಂಸ್ಥೆಯಲ್ಲಿ ಇಂದಿನವರೆಗೆ ಒಬ್ಬ ಕಾರ್ಮಿಕನೂ ಕೆಲಸದ ವೇಳೆ ಪ್ರಾಣ ಕಳೆದುಕೊಂಡಿಲ್ಲ.'

ಅವಳು ಮತ್ತೆ ಓದಿದಳು. ಒತ್ತಕ್ಷರ, ದೀರ್ಘ ಎಲ್ಲ ಸರಿಯಾಗಿದ್ದವು.

"ಸಾರ್, ಈ ಸಾಲು ತಪ್ಪ ಅದ."

"ಯಾವ ಅಕ್ಷರ?"

"ಅಕ್ಷರ ಸರಿ ಅದ."

"ಮತ್ತೇನು?"

"ನಮ್ಮಣ್ಣ ಸತ್ತಾನಲ್ರಿ."

ಜಗನ್ನಾಥ ಮೊಬೈಲಿನಿಂದ ತಲೆ ಎತ್ತಿದ. "ನಿನ್ ಕೆಲ್ಸ ಕಾಗುಣಿತ ನೋಡೋದು. ವಿಷ್ಯ ನೋಡೋದಲ್ಲ." ಬಾಗಿಲ ಕಡೆ ತಿರುಗಿ ಕೂಗಿದ, "ಮಾವಾ, ಸ್ವಲ್ಪ ಬನ್ನಿ ಇಲ್ಲಿ. ಇವ್ಳಿಗೆ ಏನೋ ಆಗಿದೆ."

ಅರುಣ್ ಕುಮಾರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಸಿದ್ಧನಾಗಿದ್ದ. ಮೆಟ್ಟಿಲು ಹತ್ತಿ ಬಂದು ಪರದೆ ನೋಡಿದ. ಸಾಲಿನ ಪಕ್ಕದಲ್ಲಿ ಒಂದು ಫೋಟೊ: ಹಳದಿ ಹೆಲ್ಮೆಟ್, ಕೈಗೆ ಗವಸು, ಎದೆಗೆ ಪಟ್ಟಿ ಹಾಕಿಕೊಂಡು ನಗುತ್ತಿರುವ ಶ್ರೀಶೈಲ. ಅದನ್ನು ತೆಗೆದ ದಿನ ರಾತ್ರಿ ಊಟಕ್ಕೆ ಕೂತು ಅವನೇ ಹೇಳಿದ್ದ, ಫೋಟೊ ಆದ ಕೂಡಲೇ ಎಲ್ಲ ಬಿಚ್ಚಿಸಿಕೊಂಡರು ಎಂದು.

"ಅವ್ನು ನಮ್ ಕಡೆಯೋನೇ ಅಲ್ಲ ಅಂತ ನಿಮ್ಮವ್ವಾನೇ ತಲೆ ಆಡ್ಸಿದ್ಲಲ್ಲಮ್ಮ."

"ಹಂಗಾದ್ರ ಫೋಟೊ ಯಾಕ್ ಇಟ್ಟೀರಿ ಅಣ್ಣಾರ?"

"ಮುಖ ಚೆನ್ನಾಗ್ ಬಂದಿದೆ, ಅದಕ್ಕೆ." ಅವನ ದನಿ ಏರಲಿಲ್ಲ. "ನೋಡು, ರೂಮ್ ಖಾಲಿ ಮಾಡ್ಸೋಕೆ ನಂಗೆ ಎಷ್ಟೊತ್ತೂ ಬೇಡ. ಹಿಂಗೇ ಬಾಯಿ ಬಿಟ್ರೆ ನಿಮಗೆ ಸುಂಕದಕಟ್ಟೇಲಿ ಅಷ್ಟೇ ಅಲ್ಲ, ಇಡೀ ಮಾಗಡಿ ರೋಡಲ್ಲೇ ಯಾರೂ ಮನೆ ಕೊಡಲ್ಲ. ಓದಿದೀಯ, ತಿಳ್ಕೋ."

ಇಳಿದು ಹೋಗುವಾಗ ಮೆಟ್ಟಿಲು ಒರೆಸುತ್ತಿದ್ದ ಪಾರವ್ವ ಅವನ ಕಣ್ಣಿಗೆ ಬಿದ್ದಳು.

"ಏ ಮುದುಕಿ, ಕೆಳಗೆ ಹಾಲ್ ಪಕ್ಕದ ಕಕ್ಕಸು ಕಟ್ಕೊಂಡಿದೆ. ಅವ್ರು ಬರೋಷ್ಟೊತ್ತಿಗೆ ಆಗ್ಬೇಕು."

"ಕೋಲ ಮುರದದ್ರಿ ಅಪ್ಪಾರ. ಗವಸನೂ ಇಲ್ಲ."

"ಕೈ ಇದೆಯಲ್ಲ. ಹಾಕಿ ತೆಗಿ. ಸೂಳೇಮಕ್ಕಳು, ಕೆಲ್ಸ ಹೇಳಿದ್ರೆ ಗವಸು ಕೇಳ್ತಾವೆ."

ಕಲಾವತಿ ಬಾಗಿಲಲ್ಲಿ ನಿಂತು ನೋಡಿದಳು. ತಾಯಿ ಬಳೆಗಳನ್ನು ಮೊಣಕೈಗೆ ಏರಿಸಿಕೊಂಡಳು, ಸೆರಗು ಕಚ್ಚಿದಳು, ಕೆಳಗಿಳಿದು ಕಕ್ಕಸಿನೊಳಗೆ ಹೋದಳು. ಕಲಾವತಿ ಒಂದು ಮೆಟ್ಟಿಲು ಇಳಿದಳು. ಜಗನ್ನಾಥ ಹಿಂದಿನಿಂದ ಕರೆದ.

"ಎಲ್ಲಿ ಹೊರಟೆ? ನಾನ್ ಕೆಳಗೆ ಹಾಲಲ್ಲಿ ಟೀವಿ ಕನೆಕ್ಟ್ ಮಾಡ್ತೀನಿ, ಪುಟ ಅದ್ರಲ್ಲೇ ಅವ್ರಿಗೆ ತೋರ್ಸೋದು. ಪೂರ್ತಿ ನೋಡಿ ನೀನೇ ಅಪ್‌ಲೋಡ್ ಮಾಡು. ಒಂದ್ ಅಕ್ಷರ ತಪ್ಪಿದ್ರೂ ನಿನ್ ಚರ್ಮ ಸುಲೀತೀನಿ."

ಅವಳು ಬಂದು ಕೂತಳು. ಕೋಡಿನಲ್ಲಿ ಫೋಟೊ ಇರುವ ಜಾಗಕ್ಕೆ ಬಂದಾಗ ಅದರ ಕೆಳಗೆ ಇನ್ನೊಂದು ಸಾಲು ಕಂಡಿತು. ಎರಡು ಗುರುತುಗಳ ನಡುವೆ ಬರೆದದ್ದು. ಹಾಗೆ ಬರೆದರೆ ಅದು ಕೋಡಿನಲ್ಲಿ ಮಾತ್ರ ಇರುತ್ತದೆ, ಪುಟ ನೋಡುವವರಿಗೆ ಕಾಣುವುದಿಲ್ಲ. ಜಗನ್ನಾಥ ತನ್ನ ನೆನಪಿಗೆಂದು ಹಾಕಿಕೊಂಡದ್ದು.

'ಈ ನನ್ಮಗ ನಮ್ ಕೆಂಗೇರಿ ಗುಂಡೀಲಿ ಸತ್ತ. ಬೇರೆ ಪೋಟೊ ಸಿಕ್ಕಿದ ಮೇಲೆ ಇದನ್ನ ಕಿತ್ತಾಕು.'

ಅವಳು ಅಳಲಿಲ್ಲ. ಕೆಳಗೆ ಕಾರುಗಳು ನಿಂತ ಸದ್ದು, ಬನ್ನಿ ಬನ್ನಿ ಎಂಬ ಅರುಣ್ ಕುಮಾರನ ದನಿ, ನೀರು ಎರಚುವ ಸದ್ದು. ಅಭ್ಯಾಸದ ಬಲಕ್ಕೆ ಅವಳ ಬೆರಳು ಮೊದಲು ಪೋಟೊವನ್ನು ಫೋಟೊ ಮಾಡಿತು. ಆಮೇಲೆ ಸಾಲಿನ ಮುಂದಿನ ಗುರುತು ಅಳಿಸಿದಳು. ಹಿಂದಿನ ಗುರುತೂ ಅಳಿಸಿದಳು. ಬೇರೇನನ್ನೂ ಮುಟ್ಟಲಿಲ್ಲ. ಅಪ್‌ಲೋಡ್ ಒತ್ತಿದಳು.

ಎದ್ದು ಹೊರಗೆ ಬಂದಳು. ಪಾರವ್ವ ತೊಟ್ಟಿಕ್ಕುವ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ಕೈ ತೊಳೆಯಲು ತಾರಸಿಯ ಕಡೆ ಹತ್ತಿ ಬರುತ್ತಿದ್ದಳು. ಕೆಳಗಿನ ಹಾಲಿನಲ್ಲಿ ನಡೆಯುತ್ತಿದ್ದ ಮಾತು ಒಮ್ಮೆಲೇ ನಿಂತುಹೋಯಿತು.

"ಏನಾತ?" ಎಂದಳು ಪಾರವ್ವ.

"ಅವ್ವಾ, ನಮಗಿನ್ನ ಇಲ್ಲಿ ಜಾಗ ಇಲ್ಲ." ಕಲಾವತಿ ತೊದಲುತ್ತ ಹೇಳಿದಳು. ಜಗನ್ನಾಥ ಬರೆದಿಟ್ಟ ಸಾಲನ್ನು ಇದ್ದ ಹಾಗೇ ಹೇಳಿದಳು, ನನ್ಮಗ ಎಂಬುದನ್ನೂ ಬಿಡದೆ. ಅದೇ ಈಗ ಟೀವಿ ಮೇಲೆ ಬಂದಿದೆ ಎಂದಳು.

ಪಾರವ್ವ ಒಂದು ಮೆಟ್ಟಿಲು ಹತ್ತಿ ಮಗಳ ಹತ್ತಿರ ಬಂದಳು.

"ಹೆಸರ ಅದ ಏನ ಅದರಾಗ?"

"ಇಲ್ಲ."

"ಹೆಸರ ಇಲ್ದ ಯಾವನ್ ಸತ್ತ ಅಂತ ತಿಳೀತಾರ? ಹೋಗು. ಬರಿ. ನಾ ಅವತ್ತ ತಲಿ ಅಲ್ಲಾಡಿಸಿದ್ದು ಸುಳ್ಳ ಅಂತನೂ ಬರಿ."

"ಅವರ ಬರಾಕತ್ತಾರವ್ವ."

"ಬರ್ಲಿ. ನಾ ನಿಂದರ್ತೀನಿ."

ಮೆಟ್ಟಿಲ ಮೇಲೆ ಬೂಟಿನ ಸದ್ದು. ಕಲಾವತಿ ಓಡಿ ಹೋಗಿ ಕುರ್ಚಿಯಲ್ಲಿ ಕೂತಳು. ಪಾರವ್ವ ಬಾಗಿಲಿಗೆ ಅಡ್ಡ ನಿಂತು ಚೌಕಟ್ಟಿನ ಎರಡೂ ಕಡೆ ಕೈ ಊರಿದಳು. ಕೈಗಳಿಂದ ಇನ್ನೂ ತೊಟ್ಟಿಕ್ಕುತ್ತಿತ್ತು.

"ಬೋಳಿಮಗಳೇ, ಸರಿ ಆ ಕಡೆ." ಜಗನ್ನಾಥ ಎರಡು ಮೆಟ್ಟಿಲು ಕೆಳಗೇ ನಿಂತ. ಆ ಕೈಗಳನ್ನು ನೋಡಿ ಮೂಗು ಮುಚ್ಚಿಕೊಂಡ. "ಥೂ, ಸರಿ ಅಂದೆ. ಲೇ ಕಲಾವತಿ, ತೆಗಿಯೇ ಅದನ್ನ."

"ಮುಟ್ಟಿ ಸರ್ಸು," ಎಂದಳು ಪಾರವ್ವ.

ಕೆಳಗಿನಿಂದ ಅರುಣ್ ಕುಮಾರನ ಕೂಗು ಕೇಳಿತು. "ಟೀವಿ ಹಾಳಾಗೋಗ್ಲಿ, ಮೇನ್ ತೆಗೀರೋ. ಕರೆಂಟ್ ತೆಗೀರೋ."

ಫ್ಯಾನು ನಿಂತಿತು. ಟ್ಯೂಬ್‌ಲೈಟ್ ಆರಿತು. ಮೇಜಿನ ಕೆಳಗಿನ ಯುಪಿಎಸ್ ಕೂಗತೊಡಗಿತು. ಅದರ ಬ್ಯಾಟರಿ ಹಳೆಯದು, ಎಷ್ಟು ಹೊತ್ತು ಹಿಡಿಯುತ್ತದೋ ಯಾರಿಗೂ ಗೊತ್ತಿರಲಿಲ್ಲ. ಪರದೆ, ಅದಕ್ಕೇ ಸಿಕ್ಕಿಸಿದ್ದ ಇಂಟರ್‌ನೆಟ್ ಡಬ್ಬಿ ಮಾತ್ರ ಉರಿಯುತ್ತಿದ್ದವು. ಬಾಗಿಲಲ್ಲಿ ಏನೋ ದಬ್ಬಿದ ಸದ್ದಾಯಿತು, ತಾಯಿಯ ಬಳೆ ಒಡೆಯಿತು. ಕಲಾವತಿ ತಿರುಗಿ ನೋಡಲಿಲ್ಲ. ಶ್ರೀಶೈಲ ಎಂದು ಟೈಪ್ ಮಾಡಿದಳು. ಮುಂದೆ, ತಾಯಿ ಪಾರವ್ವ ಎಂದು ಶುರು ಮಾಡಿದಳು.